ಪ್ರೋಟೀನು ಮಡಚುವ ದಾನಶೂರ

ತನಗೆ ಬೇಡವಾದದ್ದನ್ನು ಇನ್ನೊಬ್ಬರ ಮನೆಗೆ ದಾಟಿಸಿ, ಅದಕ್ಕೆ ದಾನ ಎಂದು ಹೆಸರಿಟ್ಟ ಮೊದಲ ಮನುಷ್ಯ ಯಾರೋ ಗೊತ್ತಿಲ್ಲ. ನಮ್ಮ ಪೈಕಿಯವನೇ ಇರಬೇಕೆಂದು ನನ್ನ ಗುಮಾನಿ. ಒಮ್ಮೆ ನೆರೆ ಬಂದಾಗ ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ಬಟ್ಟೆ ಸಂಗ್ರಹಿಸಿದರು. ಮೂಟೆ ಬಿಚ್ಚುವ ಕೆಲಸಕ್ಕೆ ನಾನೂ ಹೋಗಿದ್ದೆ. ಝಿಪ್ ಹೋದ ಪ್ಯಾಂಟು, ಜೊತೆ ತಪ್ಪಿದ ಕಾಲುಚೀಲ, ಯಾರದೋ ಮದುವೆಯ ಕರಿ ಕೋಟು. ಮನೆಯೇ ಕೊಚ್ಚಿಹೋದವನು ಆ ಕೋಟು ತೊಟ್ಟುಕೊಂಡು ಯಾವ ಊಟಕ್ಕೆ ಹೋಗಬೇಕಿತ್ತೋ! ಆ ದಿನ ಕೊಟ್ಟವರನ್ನೆಲ್ಲ ಮನಸಾರೆ ಬೈದುಕೊಂಡು ಮನೆಗೆ ಬಂದೆ ಎಂದು ನನ್ನ ನೆನಪು. ಆದರೆ ನನ್ನ ನೆನಪುಗಳಲ್ಲಿ ನಾನು ಯಾವಾಗಲೂ ಸರಿಯಾದ ಪಕ್ಷದಲ್ಲೇ ಇರುತ್ತೇನೆ. ಹಾಗಾಗಿ ಅವುಗಳನ್ನು ನಂಬುವುದು ಬಿಟ್ಟು ಬಹಳ ಕಾಲವಾಯಿತು. ಆ ಕೋಟು ನನ್ನದೇ ಎಂದು ನನ್ನ ಹೆಂಡತಿ ಜೆಸಿಂತಾ ಹೇಳುತ್ತಾಳೆ.

ಹಳೆ ಕೋಟು ಕೊಟ್ಟವನನ್ನಾದರೂ ಕ್ಷಮಿಸಬಹುದು. ಕೋಟು ಕಣ್ಣಿಗೆ ಕಾಣುತ್ತದೆ. ನಾನು ಮಾಡಿದ ದಾನ ಯಾರ ಕಣ್ಣಿಗೂ ಕಾಣುವಂಥದ್ದಲ್ಲ. ನಾನು ದಾನ ಮಾಡಿದ್ದು ನಮ್ಮ ಮನೆಯ ಕಂಪ್ಯೂಟರಿನ ಬಿಡುವನ್ನು.

ಈ ಹುಚ್ಚು ಹಿಡಿಸಿದವನು ವಲೇರಿಯನ್. ಗಲ್ಫಿನಲ್ಲಿ ಇಷ್ಟು ವರ್ಷ ದುಡಿದು ಬಂದು ಈಗ ಮಂಗಳೂರಿನ ಪಡೀಲಿನಲ್ಲಿ ಮನೆ ಕಟ್ಟಿಸಿಕೊಂಡು, ಮಾಡಲು ಕೆಲಸವಿಲ್ಲದೆ ಮಾನವಕುಲದ ಚಿಂತೆ ಹಚ್ಚಿಕೊಂಡಿರುವ ನನ್ನ ಗೆಳೆಯ. ಒಂದು ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ಹಿಡಿದುಕೊಂಡ.

"ನಿನ್ನ ಕಂಪ್ಯೂಟರ್ ದಿನದಲ್ಲಿ ಎಷ್ಟು ಹೊತ್ತು ಸುಮ್ಮನೆ ಇರ್ತದೆ, ಗೊತ್ತುಂಟಾ ಮಾರಾಯ?"

"ನನ್ನ ಹಾಗೆಯೇ ಇರ್ತದೆ," ಎಂದೆ.

"ಅದೇ ವೇಸ್ಟ್ ಅಲ್ವಾ? ವಿಜ್ಞಾನಿಗಳಿಗೆ ಕೊಡು. ಅವರ ದೊಡ್ಡ ಲೆಕ್ಕವನ್ನು ಚೂರು ಚೂರು ಮಾಡಿ ಎಲ್ಲರ ಮನೆಗೆ ಕಳಿಸ್ತಾರೆ. ನೀನು ಮೀನು ತಿಂದು ಮಲಗಿರುವಾಗ ನಿನ್ನ ಕಂಪ್ಯೂಟರ್ ಕ್ಯಾನ್ಸರಿಗೆ ಮದ್ದು ಹುಡುಕ್ತದೆ. ನಿನಗೆ ಎಂತ ಖರ್ಚಿಲ್ಲ."

ಖರ್ಚಿಲ್ಲದ ವಸ್ತು ಜಗತ್ತಿನಲ್ಲಿ ಯಾವುದೂ ಇಲ್ಲ ಎಂದು ನಾನು ಕಾಲೇಜಿನಲ್ಲಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ನಾನು ಕಲಿಸುವುದು ಅರ್ಥಶಾಸ್ತ್ರ. ಆದರೆ ನಾವು ಕಲಿಸುವುದನ್ನೆಲ್ಲ ನಂಬಿಕೊಂಡು ಬದುಕಲಿಕ್ಕೆ ಆಗುತ್ತದೆಯೇ? ಮೀನು ತಿಂದು ಮಲಗಿಯೇ ಪುಣ್ಯ ಸಂಪಾದಿಸುವ ಉಪಾಯವನ್ನು ನಮ್ಮ ಪಾದ್ರಿಗಳು ಇದುವರೆಗೆ ಹೇಳಿಕೊಟ್ಟಿರಲಿಲ್ಲ.

ವಲೇರಿಯನ್ ಅದೇ ಸಂಜೆ ಕಂಕನಾಡಿಯ ನಮ್ಮ ಫ್ಲ್ಯಾಟಿಗೆ ಬಂದು ಆ ತಂತ್ರಾಂಶವನ್ನು ಹಾಕಿಯೇಬಿಟ್ಟ. ನಮ್ಮ ಪಾಲಿಗೆ ಬಂದ ಲೆಕ್ಕ ಪ್ರೋಟೀನು ಮಡಚುವುದು. ಮೈಯೊಳಗೆ ಪ್ರೋಟೀನು ಹೇಗೆ ಮಡಚಿಕೊಳ್ಳುತ್ತದೆ ಎಂದು ತಿಳಿದರೆ ರೋಗಗಳ ಗುಟ್ಟು ತಿಳಿಯುತ್ತದಂತೆ. ಪರದೆಯ ಮೇಲೆ ಬಣ್ಣಬಣ್ಣದ ಶಾವಿಗೆಯೊಂದು ನಿಧಾನವಾಗಿ ತಿರುಗುತ್ತಿತ್ತು. ಅದನ್ನು ನೋಡುತ್ತಾ ನಾನು ವಿಜ್ಞಾನಿಯೇ ಆಗಿಬಿಟ್ಟೆ.

ಆಮೇಲೆ ನೋಡಿ, ದಾನಿಗಳ ಅಸಲು ಬಣ್ಣ ಬಯಲಾಗುವುದು. ಮಾಡಿದ ಲೆಕ್ಕಕ್ಕೆ ಅಂಕಗಳುಂಟು. ಅಂಕಗಳಿಗೆ ಪದಕಗಳುಂಟು. ತಂಡ ಕಟ್ಟಬಹುದು, ತಂಡಗಳಲ್ಲಿ ಪೈಪೋಟಿ ಉಂಟು. ಎಲ್ಲೋ ಕುಳಿತವನೊಬ್ಬ ಬರೇ ಅಂಕಕ್ಕೋಸ್ಕರ ಹೊಸ ಯಂತ್ರ ಖರೀದಿಸಿ, ಅದು ಕೆಂಡವಾಗದಿರಲು ಕೋಣೆಗೆ ಎ.ಸಿ. ಹಾಕಿಸಿಕೊಂಡು, 'ನಾನು ಬಿಡುವನ್ನು ದಾನ ಮಾಡುತ್ತೇನೆ' ಎಂದು ಬರೆದುಕೊಂಡಿದ್ದ. ಬಿಡುವಿಗಾಗಿಯೇ ಯಂತ್ರ ಕೊಂಡವನು! ಆ ಮೂರ್ಖನನ್ನು ನಾನು ಕಂಡಾಪಟ್ಟೆ ಗೇಲಿ ಮಾಡಿದೆ. ಗೇಲಿ ಮಾಡುತ್ತಲೇ, ನನ್ನ ಅಂಕ ಅವನಿಗಿಂತ ಎಷ್ಟು ಹಿಂದಿದೆ ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. ನನಗೂ ಒಂದು ಪ್ರಶಸ್ತಿಪತ್ರ ಬಂತು. ಅದನ್ನು ಮುದ್ರಿಸಿ ಗೋಡೆಗೆ ಹಾಕುವಷ್ಟು ನಾಚಿಕೆಗೆಟ್ಟವನಲ್ಲ ನಾನು. ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದೆ.

ಆದರೆ ಆ ಕಂಪ್ಯೂಟರು ಅಷ್ಟೇನೂ ಬಿಡುವಾಗಿರಲಿಲ್ಲ. ಮಂಡಿನೋವಿನಿಂದ ಶಾಲೆಯ ಕೆಲಸ ಬಿಟ್ಟ ಜೆಸಿಂತಾ, ಅದರ ಮುಂದೆ ಕೂತು ವಿಡಿಯೊ ಕಾಲಿನಲ್ಲಿ ಗಲ್ಫಿನಲ್ಲಿರುವ ನಮ್ಮೂರ ಮಕ್ಕಳಿಗೆ ಕನ್ನಡ ಓದಲು ಕಲಿಸುತ್ತಿದ್ದಳು. ಆ ಮಕ್ಕಳನ್ನು ಒಟ್ಟುಮಾಡಿದವರು ಅಲ್ಲೇ ಇರುವ ಝುಬೈದಾ ಎನ್ನುವ ಹೆಂಗಸು, ತವರು ನಮ್ಮೂರಿನ ಕುದ್ರೋಳಿ. ಬ್ಯಾರಿ, ತುಳು, ಕೊಂಕಣಿ ಮನೆಗಳ ಮಕ್ಕಳು. ಊರಿಗೆ ಬಂದರೆ ಬಸ್ಸಿನ ಬೋರ್ಡಾದರೂ ಓದಲಿ ಎಂದು ಅಪ್ಪ ಅಮ್ಮಂದಿರ ಆಸೆ. ಶಾಲೆ ಬಿಟ್ಟ ಮೇಲೆ ಜೆಸಿಂತಾಳನ್ನು 'ಟೀಚರ್' ಎಂದು ಕರೆಯುವ ಮಕ್ಕಳು ಇವರು ಮಾತ್ರ. ಆ ಶಬ್ದ ಕಿವಿಗೆ ಬಿದ್ದಾಗ ಅವಳ ಬೆನ್ನು ನೆಟ್ಟಗಾಗುವುದನ್ನು ನಾನು ಕಂಡಿದ್ದೇನೆ.

ವಲೇರಿಯನ್ ತಂತ್ರಾಂಶ ಹಾಕುವಾಗ ಇದನ್ನೂ ಕೇಳಿದ್ದ. "ಜೆಸಿಂತಾ ಟೀಚರಿಗೆ ತೊಂದರೆ ಆಗ್ಲಿಕ್ಕಿಲ್ಲ ಅಲ್ವಾ? ಯಾರೂ ಕೆಲಸ ಮಾಡದೆ ಇರುವಾಗ ಮಾತ್ರ ಇದು ನಡೀಲಿ ಅಂತ ಇಡ್ತೇನೆ. ಅವರು ಕ್ಲಾಸಿನಲ್ಲಿ ಕಂಪ್ಯೂಟರಲ್ಲಿ ಎಂತ ಮಾಡುದು?"

"ಎಂತ ಇಲ್ಲ. ಖಾಲಿ ಮಾತಾಡುದು," ಎಂದೆ.

ನಮ್ಮ ಕಡೆ 'ಖಾಲಿ' ಎಂದರೆ ಬರಿದು ಎಂದೂ ಆಗುತ್ತದೆ, 'ಬರೇ ಅಷ್ಟೇ' ಎಂದೂ ಆಗುತ್ತದೆ. ನಾನು ಯಾವ ಅರ್ಥದಲ್ಲಿ ಹೇಳಿದೆನೋ ದೇವರಿಗೇ ಗೊತ್ತು. ಯಂತ್ರಕ್ಕೆ ಗೊತ್ತಿದ್ದದ್ದು ಒಂದೇ ಅರ್ಥ. ಕೀಲಿಮಣೆಯನ್ನು ಯಾರೂ ಒತ್ತದೆ, ಮೌಸನ್ನು ಯಾರೂ ಅಲುಗಿಸದೆ ಸ್ವಲ್ಪ ಹೊತ್ತು ಕಳೆದರೆ, ಎದುರಿಗೆ ಇರುವವರು ಏನೂ ಕೆಲಸ ಮಾಡುತ್ತಿಲ್ಲ ಎಂದು ಅದು ತೀರ್ಮಾನಿಸುತ್ತದೆ. ತೀರ್ಮಾನಿಸಿ, ಪ್ರೋಟೀನು ಮಡಚಲು ಕೂರುತ್ತದೆ.

ಆ ಶನಿವಾರ ಝುಬೈದಾ ಸ್ವತಃ ಪಾಠ ನೋಡಲು ಕೂತಿದ್ದರು. ಹೊಸ ಶಾಲಾವರ್ಷಕ್ಕೆ ಇದೇ ಟೀಚರ್ ಮುಂದುವರಿಯಬೇಕೋ, ಯಾವುದೋ ಕಂಪೆನಿಯವರ ತರಗತಿಗೆ ಮಕ್ಕಳನ್ನು ಸೇರಿಸಬೇಕೋ ಎಂದು ಅವರು ನಿರ್ಧರಿಸುವವರಿದ್ದರು. ಬೇರೆ ದಿನ ಮೌಸು ಆಡಿಸಿ ಪರದೆಯಲ್ಲೇ ಅಕ್ಷರ ತೋರಿಸುತ್ತಿದ್ದ ಜೆಸಿಂತಾ ಅಂದು ಇಸ್ತ್ರಿ ಮಾಡಿದ ಸೀರೆ ಉಟ್ಟು, ಚಿತ್ರದ ಕಾರ್ಡುಗಳನ್ನು ಕೈಯಲ್ಲಿ ಹಿಡಿದು ಪಾಠ ಸುರುಮಾಡಿದಳು. ಕೈಯಲ್ಲಿ ಕಾರ್ಡು ಇರುವವರು ಮೌಸು ಮುಟ್ಟುವುದು ಹೇಗೆ? ಕೊಂಚ ಹೊತ್ತಿಗೆಲ್ಲ ಮೇಜಿನ ಕೆಳಗಿಂದ ಕಂಪ್ಯೂಟರಿನ ಫ್ಯಾನು ಹೊಯ್ಯೋ ಎಂದು ಕೂಗತೊಡಗಿತು.

"ಟೀಚರ್," ಎಂದರು ಝುಬೈದಾ, "ಅಡಿಗೆಮನೆಯ ಮಿಕ್ಸಿ ಒಮ್ಮೆ ಬಂದ್ ಮಾಡ್ಲಿಕ್ಕೆ ಹೇಳ್ತೀರಾ?"

"ಮಿಕ್ಸಿ ಅಲ್ಲಮ್ಮ, ನಮ್ಮಲ್ಲಿ ಸೆಕೆ ಅಲ್ವಾ, ಅದಕ್ಕೇ…" ಎನ್ನುವಷ್ಟರಲ್ಲಿ ಚಿತ್ರ ನಿಂತಿತು. ಮಾತು ತುಂಡು ತುಂಡಾಯಿತು. ಜೆಸಿಂತಾ ಅಳಿಲಿನ ಕಾರ್ಡು ಎತ್ತಿ ತೋರಿಸಿ "ಅಳಿಲು" ಎಂದಳು. ಆ ಚಿತ್ರ ಆಚೆಯವರನ್ನು ತಲುಪಲೇ ಇಲ್ಲ. ಶಬ್ದದ ನಡುವಿನ 'ಇಲ್' ಎನ್ನುವ ಚೂರೂ ಪ್ರೋಟೀನಿನ ಪಾಲಾಗಿ, ಮಕ್ಕಳಿಗೆ ಕೇಳಿಸಿದ್ದು "ಅಳು". ವಿಧೇಯ ಮಕ್ಕಳು. ಒಬ್ಬಳು ಮುಖ ಕಿವುಚಿ ಅಳುವ ನಟನೆ ಮಾಡಿದಳು. ಉಳಿದವರೂ ಕೂಡಿಕೊಂಡರು. ಅವರಲ್ಲಿ ಅತಿ ಸಣ್ಣವನು ನಿಜವಾಗಿಯೇ ಅತ್ತ.

"ಇದು ಸರಿಯಾಗುದಿಲ್ಲ ಟೀಚರ್. ನೋಡುವ, ನಾನು ಮತ್ತೆ ಫೋನ್ ಮಾಡ್ತೇನೆ," ಎಂದು ಝುಬೈದಾ ಹೊರಟುಹೋದರು.

ನಮ್ಮ ಮನೆಮಾತು ಕೊಂಕಣಿ. ಕೋಪ ಬಂದರೆ ಮಾತ್ರ ಜೆಸಿಂತಾ ಕನ್ನಡಕ್ಕೆ ಬರುತ್ತಾಳೆ. ಜೊತೆಗೆ ಬಹುವಚನವೂ ಬರುತ್ತದೆ.

"ಇದು ನೀವು ಎಂತದೋ ಮಾಡಿದ್ದು," ಎಂದಳು.

ಹೇಳಿದೆ. ಅವಳಿಗೆ ಮೊದಲೇ ತಿಳಿಸಿದ್ದೆನೆಂದು ವಾದವನ್ನೂ ಹೂಡಿದೆ. ಏಕೆಂದರೆ ನನ್ನ ದಿನಚರಿಯಲ್ಲಿ 'ಜೆ.ಗೆ ಹೇಳಿದೆ' ಎಂದಿದೆ. ಏನು ಹೇಳಿದೆ ಎಂದಿಲ್ಲ. ಬಂಗುಡೆ ಮೀನಿನ ವಿಷಯವೂ ಇದ್ದೀತು.

"ಎಂತ ಮಡಚುದು ಅದು?"

"ಪ್ರೋಟೀನು."

"ಹಗ್ಗದಲ್ಲಿ ಒಣಗಿದ ಬಟ್ಟೆ ಮಡಚ್ಲಿಕ್ಕೆ ಆಗುದಿಲ್ಲ ನಿಮಗೆ. ಪ್ರೋಟೀನು ಮಡಚ್ತಾರಂತೆ!"

"ಅದು ಮಾನವಕುಲಕ್ಕೆ…"

"ಆ ಮಕ್ಕಳು ಎಂತ, ಮಾನವಕುಲ ಅಲ್ವಾ?" ಅವಳು ಕಾರ್ಡುಗಳನ್ನು ಜೋಡಿಸುತ್ತಿದ್ದಳು. "ನಾನು ಬಾಯಿ ಒಣಗುವಷ್ಟು ಕಲಿಸುವಾಗ ಯಾರೂ ಕೆಲಸ ಮಾಡುದಿಲ್ಲ ಅಂತ ಆ ಪೆಟ್ಟಿಗೆಗೆ ಹೇಳಿದ್ದು ಯಾರು?"

ಉತ್ತರ ನನಗೂ ಗೊತ್ತಿತ್ತು, ಅವಳಿಗೂ. ಅವಳು ಅಳಿಲಿನ ಕಾರ್ಡನ್ನು ಎಲ್ಲಕ್ಕಿಂತ ಮೇಲಿಟ್ಟು ಕಟ್ಟು ಕಟ್ಟಿದಳು. ಇಷ್ಟರಲ್ಲಿ ನನಗೆ ಯಾವ ರೋಗದ ಮೇಲೂ ಆಸಕ್ತಿ ಉಳಿದಿರಲಿಲ್ಲ. ಆ ತಂತ್ರಾಂಶವನ್ನು ಅವಳೆದುರೇ ಕಿತ್ತುಹಾಕಿದೆ. 'ನೀವು ಹೋಗುತ್ತಿರುವುದು ನಮಗೆ ಬೇಸರ ತಂದಿದೆ' ಎಂದು ಪರದೆಯ ಮೇಲೆ ಬಂತು. ನನ್ನ ಕೊಡುಗೆಯಿಂದ ಜಗತ್ತಿನಲ್ಲಿ ಯಾವ ಕಾಯಿಲೆಯ ಯಾವ ಮೂಲೆ ಅಲುಗಿತೋ, ನನಗೆ ಈವರೆಗೂ ತಿಳಿದಿಲ್ಲ. ತಿಳಿದುಕೊಳ್ಳಬೇಕೆಂದು ಒಂದು ದಿನವೂ ಅನಿಸಿರಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಸುದ್ದಿ. ಅಂಕ ಮಾತ್ರ ದಿನಾ ನೋಡುತ್ತಿದ್ದೆ.

ಜೆಸಿಂತಾ ತಾನೇ ಝುಬೈದಾರಿಗೆ ಫೋನು ಮಾಡಿ ಇನ್ನೊಂದು ಅವಕಾಶ ಕೇಳಿದಳು. ಯಾರಲ್ಲೂ ಏನನ್ನೂ ಕೇಳದವಳು. ಅವರು ಒಪ್ಪಿದರು. ಮುಂದಿನ ಶನಿವಾರ ಪಾಠ ಸುರುವಾಗುವ ಮೊದಲು ನನ್ನನ್ನು ಕರೆದು ತನ್ನ ಹಿಂದೆ ಕುರ್ಚಿ ಹಾಕಿಸಿದಳು.

"ನನಗೆ ಪರದೆಯಲ್ಲಿ ಕಾಣುವ ಹಾಗೆ ಇಲ್ಲಿ ಕೂತ್ಕೊಳ್ಳಿ. ಎಂತವನ್ನೂ ಮುಟ್ಟುದು ಬೇಡ. ಮಾತಾಡುದು ಬೇಡ."

ನಾನು ಮಂಡಿಯ ಮೇಲೆ ಕೈಯಿಟ್ಟು, ಪಾಸ್‌ಪೋರ್ಟಿನ ಫೋಟೋಕ್ಕೆ ಕೂತವನಂತೆ ಕೂತೆ. ಫ್ಯಾನು ಉಸಿರೆತ್ತಲಿಲ್ಲ. ಅಳಿಲು ಇಡಿಯಾಗಿ ಅರಬಿ ಸಮುದ್ರ ದಾಟಿತು. ಒತ್ತಕ್ಷರಗಳೂ ಒಂದೊಂದಾಗಿ ದಾಟಿದವು. ಕಳೆದ ವಾರ ಅತ್ತ ಆ ಸಣ್ಣವನು 'ಮಂಗಳೂರು' ಎಂದು ಅಕ್ಷರ ಕೂಡಿಸಿ ಓದಿದ. ಜೆಸಿಂತಾಳ ಬೆನ್ನು ಇಷ್ಟು ನೆಟ್ಟಗಾದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಅಥವಾ ಕಂಡಿದ್ದೂ ಗಮನಿಸಿರಲಿಲ್ಲವೋ ಏನೋ.

ಪಾಠ ಮುಗಿಯುತ್ತಾ ಬಂದಾಗ ಝುಬೈದಾ ಪರದೆಗೆ ಮುಖ ಹತ್ತಿರ ತಂದು ನೋಡಿದರು.

"ಟೀಚರ್, ಎಲ್ಲ ಚಂದ ಆಯ್ತು. ಹೊಸ ವರ್ಷಕ್ಕೂ ನೀವೇ ಮಾಡಿ. ಆದ್ರೆ ನಿಮ್ಮ ವಿಡಿಯೊ ಹಿಂದಿನ ಬದಿ ಸ್ವಲ್ಪ ಸ್ಟಕ್ ಆಗಿದೆ ನೋಡಿ. ಅಲ್ಲಿ ಒಬ್ಬರು ಅಲುಗಾಡುದೇ ಇಲ್ಲ."

ಜೆಸಿಂತಾ ತಿರುಗಿ ನೋಡಲೂ ಇಲ್ಲ.

"ಇಲ್ಲಮ್ಮ, ನೆಟ್ ಸರಿ ಉಂಟು," ಎಂದಳು. "ಅವರು ನಮ್ಮ ಯಜಮಾನರು."