ನಮ್ಮ ಬೋನಿಗೆ ಬಿದ್ದವರು

ಬೋನು ಇಡುವುದು ಚಿರತೆಗೆ, ಬೀಳುವುದು ಮಾತ್ರ ಬೇರೆ ಯಾರೋ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಫಾರೆಸ್ಟ್ ಗಾರ್ಡ್ ಆಗಿ ತಿರುಗಿದ ನನ್ನ ಅನುಭವದ ಸಾರ ಇಷ್ಟೇ. ಆಗ ಎರಡೂ ತಾಲ್ಲೂಕಿಗೆ ಸೇರಿ ನಮ್ಮ ಕೈಲಿದ್ದದ್ದು ಒಂದೇ ಬೋನು. ಚಿಕ್ಕಯ್ಯನಛತ್ರದ ಕಡೆ ಕರು ಹೋಯಿತೆಂದರೆ ಅಲ್ಲಿಗೆ, ತಲಕಾಡಿನ ಕಡೆ ನಾಯಿ ಹೋಯಿತೆಂದರೆ ಇಲ್ಲಿಗೆ, ಟ್ರ್ಯಾಕ್ಟರ್ ಮೇಲೆ ಕೂತು ಸವಾರಿ ಹೊರಡುತ್ತಿತ್ತು. ನನಗಿಂತ ಹೆಚ್ಚು ಊರು ಕಂಡ ಬೋನು ಅದು. ಎರಡು ಸಾವಿರದ ಇಸವಿಯ ಆಚೀಚೆ, ಹೆಮ್ಮಿಗೆ ಕಡೆಯ ಒಂದು ಹಳ್ಳಿಯಲ್ಲಿ, ಒಂದೇ ಕಾರ್ತಿಕ ಮಾಸದಲ್ಲಿ ಅದಕ್ಕೆ ಯಾರು ಯಾರು ಬಿದ್ದರು ಎಂಬುದನ್ನು ಹೇಳಿಬಿಡುತ್ತೇನೆ.

೧. ಮೊದಲ ಗಿರಾಕಿ

ಆ ಊರಿನ ದೊಡ್ಡ ಕಬ್ಬಿನ ಬೆಳೆಗಾರರೊಬ್ಬರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಅವರ ಕಬ್ಬಿನ ಗದ್ದೆಯೊಳಗೆ ಒಂದು ಚಿರತೆ ಬಿಡಾರ ಹೂಡಿತ್ತು. ಊರ ನಾಯಿಗಳು ಒಂದೊಂದಾಗಿ ಮಾಯವಾಗುತ್ತಿದ್ದವು. ಕಬ್ಬು ಕಡಿಯುವವರು ಗದ್ದೆಗೆ ಕಾಲಿಡೆವೆಂದು ಕೂತಿದ್ದರು. ನಾನು ಬೋನಿನ ಜೊತೆ ಹೋಗಿ ಇಳಿಯುತ್ತಿದ್ದಂತೆ ಯಜಮಾನರು ಖಡಾಖಂಡಿತವಾಗಿ ಹೇಳಿದರು: "ನೋಡಿ ಗಾರ್ಡ್ ಸಾ, ಕಾರ್ತಿಕದ ಕಡೇ ಸೋಮ್ವಾರ ಕಳೀಲಿ ಅಂತ ಸುಮ್ನಿದೀನಿ. ಮಂಗ್ಳವಾರ ಒತ್ತಾರೆ ಕಡಿಯೋರು ಬತ್ತಾರೆ. ಅಷ್ಟ್ರೊಳಗೆ ನೀವು ಅದ್ನ ಇಡ್ಕಂಡೋಗಿ. ಇಲ್ದಿದ್ರೆ ಗದ್ದೆ ನಾಕು ಮೂಲೆಗೂ ಬೆಂಕಿ ಮಡಗ್ತೀನಿ."

ಒಣಗಿದ ತರಗಿಗೆ ನಾಲ್ಕೂ ಕಡೆಯಿಂದ ಬೆಂಕಿ ಬಿದ್ದರೆ ಒಳಗಿರುವ ಜೀವ ಹೊರಗೆ ಬರುವುದಿಲ್ಲ. ಹಾಗೆ ಸುಟ್ಟ ಗದ್ದೆಯಲ್ಲಿ ಕಾಡುಬೆಕ್ಕು, ಮುಂಗುಸಿಗಳ ಕರಕಲು ಮೈ ಎತ್ತಿ ಹಾಕಿದವನು ನಾನು. ಚಿರತೆಯನ್ನು ಹಾಗೆ ಎತ್ತುವ ಗತಿ ನನಗೆ ಬರಬಾರದು ಎಂದು ಮನಸ್ಸಿನಲ್ಲೇ ನಂಜುಂಡಪ್ಪನಿಗೆ ಕೈ ಮುಗಿದೆ.

ಯಜಮಾನರಿಗೆ ನಮ್ಮ ಬೋನಿನ ಮೇಲೆ ನಂಬಿಕೆ ಇರಲಿಲ್ಲ. "ಈ ತುಕ್ಕು ಇಡ್ದಿರೋ ಬಾಗ್ಲು ಬೀಳ್ತದಾ ಸಾ?" ಎನ್ನುತ್ತ ಒಳಗೆ ಹೋಗಿ, ಬಾಗಿಲು ಬೀಳಿಸುವ ಹಲಗೆಯ ಮೇಲೆ ಕಾಲಿಟ್ಟು ಅದುಮಿದರು. ಬಿತ್ತು. ಬಿದ್ದ ಬಾಗಿಲು ಹಾಗೇ ಕಚ್ಚಿಕೊಂಡಿತು. ನಾನು ಸುತ್ತಿಗೆ ಹುಡುಕಿ ತರುವಷ್ಟರಲ್ಲಿ ಊರೆಲ್ಲ ನೆರೆದಿತ್ತು. ಒಬ್ಬ ಸರಳಿನ ಸಂದಿಯಿಂದ ಬಾಳೆಹಣ್ಣು ಚಾಚುತ್ತಿದ್ದ. ಯಜಮಾನರ ತಾಯಿ ಕೋಲೂರಿಕೊಂಡು ಬಂದು ನೋಡಿದರು.

"ಆಯ್ತವ್ವಾ, ಈಗ ತೆಗೀತೀನಿ" ಎಂದೆ.

"ನಿಧಾನ್ವಾಗಿ ತೆಗೀ ಕಣಪ್ಪ. ಸಂಜೆಗಂಟ ಅಲ್ಲೇ ಇರ್ಲಿ. ಇವ್ನು ಒಂದ್ಕಡೆ ಕೂತಿದ್ದು ನಾನು ನೋಡಿರೋದೇ ಇವತ್ತು."

೨. ಸೀಮೆ ಮೊಲ

ಬೋನೇನೋ ಸರಿಯಿತ್ತು. ಒಳಗೆ ಕಟ್ಟಲು ಒಂದು ಆಡು ಬೇಕಿತ್ತು. ಯಜಮಾನರ ಮನೆಯಲ್ಲಿ ಕೇಳಿದ್ದಕ್ಕೆ ಅವರ ತಾಯಿ, ಆ ಅಜ್ಜಿ, ಕಿವಿ ಮುಚ್ಚಿಕೊಂಡರು. "ಶಿವಶಿವಾ! ಲಿಂಗ ಕಟ್ಟಿದ ಮನೆ ಕಣಪ್ಪ ನಮ್ದು. ಒಂದು ಪ್ರಾಣಿ ಕೊಟ್ಟು ಇನ್ನೊಂದು ಪ್ರಾಣಿ ಇಡಿಯೋದಾ? ಇತ್ಲಲ್ಲಿ ಕುಂಬಳಕಾಯಿ ಐತೆ, ಅದ್ನ ಮಡಗಿ ನೋಡು."

"ಚಿರತೆ ಕುಂಬಳಕಾಯಿ ತಿನ್ನಲ್ಲವ್ವಾ."

"ನೀನು ಕೊಟ್ಟು ನೋಡಿದ್ದೀಯಾ?"

ಕೊಟ್ಟು ನೋಡಿರಲಿಲ್ಲ.

ನಮ್ಮ ರೇಂಜರ್ ಸಾಹೇಬರು ಮೈಸೂರಿನ ತಮ್ಮ ನೆಂಟರ ಮನೆಯಿಂದ ಒಂದು ಬಿಳಿ ಮೊಲ ತಂದರು. ಕೆಂಪು ಕಣ್ಣು, ಹತ್ತಿಯ ಉಂಡೆಯಂಥ ಮೈ. ನಮ್ಮ ಕಾಡುಮೊಲ ಪೊದೆಯಲ್ಲಿ ಮಲಗುವ ಜಾತಿ, ಬಿಲ ತೋಡುವುದಿಲ್ಲ. ಈ ಸೀಮೆ ಮೊಲಕ್ಕೆ ತೋಡುವುದೇ ಕಸುಬು ಎಂಬುದು ನಮಗಿಬ್ಬರಿಗೂ ಹೊಳೆಯಲಿಲ್ಲ. ಬೋನಿನ ಹಿಂಬದಿಗೆ ತಳವೇ ಇರಲಿಲ್ಲ, ಬರೀ ನೆಲ. ಬೆಳಿಗ್ಗೆ ಹೋಗಿ ನೋಡಿದರೆ ಒಂದು ಸೊಗಸಾದ ಬಿಲ ಇತ್ತು, ಮೊಲ ಇರಲಿಲ್ಲ.

ಅದಾಗಿ ಎರಡು ದಿನಕ್ಕೆ ಪತ್ರಿಕೆಯಲ್ಲಿ ಸುದ್ದಿ ಬಂತು: ಕಬ್ಬಿನ ಗದ್ದೆಯಲ್ಲಿ ಅಪರೂಪದ ಬಿಳಿ ಕಾಡುಮೊಲ ಪ್ರತ್ಯಕ್ಷ. ರೇಂಜರ್ ನನ್ನನ್ನು ಕರೆದು, "ಅದಕ್ಕೇನೂ ಆಗದ ಹಾಗೆ ನೋಡಿಕೊಳ್ಳಬೇಕಂತೆ, ಮೇಲಿನಿಂದ ಫೋನ್ ಬಂದಿದೆ" ಎಂದರು.

"ಸಾರ್, ಅದು ನೀವೇ ತಂದ ಮೊಲ!"

"ನನಗೆ ಗೊತ್ತಿಲ್ವೇನ್ರೀ? ಮೇಲಿನವರಿಗೆ ನೀವು ಹೇಳ್ತೀರಾ?"

ಚಿರತೆಯ ಬಾಯಿಗೆಂದು ತಂದ ಮೊಲಕ್ಕೆ ಚಿರತೆಯಿಂದಲೇ ಕಾವಲು ಕಾಯುವ ಯೋಗ ನನ್ನದಾಯಿತು. ಸಾಕು ಮೊಲವನ್ನು ಹೊಲಕ್ಕೆ ಬಿಟ್ಟರೆ ಅದೂ ಬದುಕುವುದಿಲ್ಲ, ಬದುಕಿದರೆ ಹೊಲವೂ ಉಳಿಯುವುದಿಲ್ಲ. ಹುಡುಕಿ ಹುಡುಕಿ ಸಾಕಾಗಿ ಅಜ್ಜಿಯ ಹಿತ್ತಲಿಗೆ ಬಂದರೆ, ಅಲ್ಲಿ ಆರಾಮಾಗಿ ಕೂತು ಮೇಯುತ್ತಿತ್ತು. ಗೋಣಿಚೀಲ ಹಾಕಿ ಹಿಡಿದೆ. ಅಜ್ಜಿ ಜಗುಲಿಯಿಂದಲೇ ಹೇಳಿದರು: "ನೋಡ್ದಾ? ಕುಂಬಳಕಾಯಿ ಯಾರು ತಿಂತಾರೆ ಅಂತಿದ್ದೆ."

೩. ನರಿ ಮುಖ

ಕೊನೆಗೆ ಇಲಾಖೆಯಿಂದಲೇ ಒಂದು ಆಡು ಬಂತು. ಅಜ್ಜಿ ಅಡ್ಡ ನಿಂತರು. ನಾನು ಬೋನಿನ ಎರಡು ಕೋಣೆ ತೋರಿಸಿದೆ. ಹಿಂದಿನ ಕೋಣೆಯಲ್ಲಿ ಆಡು, ಮುಂದಿನದಕ್ಕೆ ಚಿರತೆ ಬರಬೇಕು, ನಡುವೆ ಗಟ್ಟಿ ಸರಳು, ಈಗ ತಳಕ್ಕೆ ಹಲಗೆಯನ್ನೂ ಹಾಕಿಸಿದ್ದೆ. ಅಜ್ಜಿ ಸರಳಿನ ನಡುವೆ ಕೈ ತೂರಿಸಲು ನೋಡಿ, ತೂರದೇ ಇದ್ದಾಗ ಒಪ್ಪಿದರು.

ಎರಡನೇ ಬೆಳಿಗ್ಗೆಯೇ ಬಾಗಿಲು ಬಿದ್ದಿತ್ತು. ಓಡಿಹೋಗಿ ನೋಡಿದರೆ ನರಿ. ಮೂಲೆಗೆ ಮುದುರಿ ಕೂತು ಹಲ್ಲು ಕಿರಿಯುತ್ತಿತ್ತು. ಬಿಡಲು ಹೋದವನನ್ನು ಯಜಮಾನರೇ ತಡೆದರು. "ಏ, ಇರಿ ಸಾ! ನರಿ ಮುಖ ನೋಡಿ ಎದ್ರೆ ಅದೃಷ್ಟ. ಊರ್ನೋರು ನೋಡ್ಲಿ."

ಊರಿನವರು ನೋಡಿದರು. ಕಣ್ಣು ಮುಚ್ಚಿಕೊಂಡೇ ಹಾಸಿಗೆಯಿಂದೆದ್ದು, ಮಕ್ಕಳ ಕೈ ಹಿಡಿದು ಬಂದು ಬೋನಿನ ಮುಂದೆ ಕಣ್ಣು ಬಿಟ್ಟರು. ಒಬ್ಬ ಎಡವಿ ಚರಂಡಿಗೆ ಬಿದ್ದ. ಅವನನ್ನು ಎತ್ತಿ ತಂದು ಮುಖ ತೋರಿಸಿದರು. ಇನ್ನೊಬ್ಬ, "ನಾಳೆಗಂಟ ಮಡಗಿ ಸಾ, ತಲಕಾಡಿಂದ ನಮ್ ಬಾವ ಬತ್ತಾವ್ನೆ, ಅವ್ನ ಟೈಮು ಸರೀಗಿಲ್ಲ" ಎಂದು ಕಾಲಿಗೆ ಬಿದ್ದ.

"ಅಯ್ಯಾ, ಕಾಡುಪ್ರಾಣಿಯನ್ನು ಹೀಗೆ ಕೂಡಿಹಾಕಿದರೆ ನನ್ನ ಕೆಲಸ ಹೋಗುತ್ತದೆ" ಎಂದೆ.

"ಓಗಕಿಲ್ಲ ಬುಡಿ ಸಾ, ನೀವೂ ಮುಖ ನೋಡಿದ್ದೀರಲ್ಲ!"

ಹಗ್ಗ ಎಳೆದು ಬಾಗಿಲೆತ್ತಿದೆ. ನರಿ ಒಂದೇ ನೆಗೆತಕ್ಕೆ ಬದು ದಾಟಿ ಓಡಿತು. ಅದು ಬೆಳಿಗ್ಗೆ ಎದ್ದು ಯಾರ ಮುಖ ನೋಡಿತ್ತೋ ಪಾಪ.

೪. ಮಾತಾಡದ ಆಡು

ಬೋನಿನಲ್ಲಿ ಆಡಿನ ಕೆಲಸ ಒಂದೇ, ಕೂಗುವುದು. ಒಂಟಿಯಾದ ಆಡು ಕತ್ತಲಾಗುತ್ತಿದ್ದಂತೆ ಬ್ಯಾ ಬ್ಯಾ ಎನ್ನಬೇಕು, ಅದನ್ನು ಕೇಳಿ ಚಿರತೆ ಬರಬೇಕು. ನಮ್ಮ ಆಡು ತುಟಿ ಬಿಚ್ಚಲಿಲ್ಲ. ಸಂಜೆ ಹೋಗಿ ನೋಡಿದೆ. ಅಜ್ಜಿ ಬೋನಿನ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ಆಡಿನ ಹಣೆಗೆ ವಿಭೂತಿ, ಬೆನ್ನಿಗೆ ಇಬ್ಬನಿ ತಾಗದಂತೆ ಗೋಣಿತಾಟು, ಮುಂದೆ ಹಲಸಿನ ಸೊಪ್ಪು. ಗೌರಿ ಎಂದು ಹೆಸರೂ ಇಟ್ಟಾಗಿತ್ತು. ಗೌರಿ ಮೆಲುಕು ಹಾಕುತ್ತ ಅಜ್ಜಿಯ ಸೊಸೆಯ ಮೇಲಿನ ದೂರುಗಳನ್ನು ಕೇಳುತ್ತಿದ್ದಳು.

"ಅವ್ವಾ, ನೀವು ಹೀಗೆ ಜೊತೆಗಿದ್ದರೆ ಅದು ಕೂಗುವುದಿಲ್ಲ."

"ನಾನು ಮಾತಾಡ್ಸಕಿಲ್ಲ ಕಣಪ್ಪ. ಸುಮ್ಕೆ ಕೂತಿರ್ತೀನಿ."

ಮಾರನೆಯ ದಿನ ಸುಮ್ಮನೆ ಕೂತಿದ್ದರು. ಆಡೂ ಸುಮ್ಮನೆ ಕೂತಿತ್ತು. ಕಳಿಸಿದರೆ ಮನೆಗೆ ಹೋಗಿ ಹಿತ್ತಲಿನಿಂದ ವಾಪಸು ಬರುತ್ತಿದ್ದರು. ಮಗನ ಕೈಲಿ ಹೇಳಿಸೋಣವೆಂದರೆ ಅವರಿಗೆ ತಾಯಿ ಎಂದರೆ ನಡುಕ. ನರಸೀಪುರಕ್ಕೆ ಹೋಗಿ ಬಂದ ದಿನವಂತೂ ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು, ದೂರ ನಿಂತೇ ತಾಯಿಗೆ ಹೂಂ ಉಹೂಂ ಎನ್ನುತ್ತಿದ್ದರು. ಎಂಥ ವಿನಯ ಎಂದುಕೊಂಡಿದ್ದೆ.

ಕಡೇ ಸೋಮವಾರ ಬಂದೇಬಿಟ್ಟಿತು. ಗದ್ದೆಯ ಮೂಲೆಯಲ್ಲಿ ಯಜಮಾನರು ಸೀಮೆಎಣ್ಣೆ ಡಬ್ಬ ತಂದಿಟ್ಟಿದ್ದರು. ಅದನ್ನು ಕಂಡು ನನಗೆ ಅಳುವೇ ಬಂತು. ಅಜ್ಜಿಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಅವ್ವಾ, ಇವತ್ತು ಚಿರತೆ ಬೋನಿಗೆ ಬೀಳದಿದ್ದರೆ ನಾಳೆ ಅದನ್ನು ಸುಡುತ್ತಾರೆ. ನೀವು ನಂಜನಗೂಡಿಗೆ ಹೋಗಿ ಗೌರಿಯ ಹೆಸರಲ್ಲಿ ಒಂದು ಅರ್ಚನೆ ಮಾಡಿಸಿ. ರಾತ್ರಿ ಅಲ್ಲೇ ಇರುವ ನಿಮ್ಮ ಮಗಳ ಮನೆಯಲ್ಲಿ ಉಳಿಯಿರಿ. ಗೌರಿ, ಚಿರತೆ ಇಬ್ಬರೂ ಬದುಕುತ್ತಾರೆ."

ಅಜ್ಜಿ ಗೌರಿಯ ಬೆನ್ನಿನ ಗೋಣಿತಾಟು ಸರಿಮಾಡಿ ಎದ್ದರು. "ಮಾದಪ್ಪ ಕೂರೋ ಉಲಿಗೆ ತಮ್ಮ ಆಗ್ಬೇಕು ಅದು. ಸುಡಬಾರ್ದು" ಎಂದು ಬಸ್ ಹತ್ತಿದರು.

ಅರ್ಚಕರು ಹೆಸರು, ನಕ್ಷತ್ರ, ಗೋತ್ರ ಕೇಳಿದರಂತೆ. ಆಮೇಲೆ ಅಜ್ಜಿಯೇ ಹೇಳಿದರು: "ಎಸರು ಗೌರಿ ಅಂದೆ. ಮಿಕ್ಕಿದ್ದೆಲ್ಲ ನಂದೇ ಯೋಳ್ದೆ. ಅದ್ಕೂ ಯಾರಿದ್ದಾರೆ ಪಾಪ."

೫. ಕಡೇ ಸೋಮವಾರದ ಉಪವಾಸ

ಅಜ್ಜಿಯ ಬಸ್ ತಿರುವು ದಾಟುವ ಮೊದಲೇ ಗೌರಿ ಶುರು ಮಾಡಿದಳು. ಎಂಥ ಕೂಗು! ಪಕ್ಕದ ಊರಿನವರು ಬಂದು ಏನಾಯಿತೆಂದು ವಿಚಾರಿಸಿಕೊಂಡು ಹೋದರು. ದೀಪ ಹಚ್ಚುವ ಹೊತ್ತಿಗೆ ಧಡ್ ಎಂದು ಬಾಗಿಲು ಬಿತ್ತು. ಮೈತುಂಬ ಚುಕ್ಕಿಯ ಎಳೇ ಚಿರತೆ, ಹೆಣ್ಣು. ನಾನು ಬೋನಿನ ಮೇಲೆ ಗೋಣಿತಾಟು ಹೊದಿಸಿ ಹತ್ತಿರದಲ್ಲೇ ಕೂತು ಬೆಳಗು ಮಾಡಿದೆ. ಸೀಮೆಎಣ್ಣೆ ಡಬ್ಬ ತಿರುಗಿ ಮನೆ ಸೇರಿತು. ಕಬ್ಬು ಕಡಿಯುವವರು ಬೆಳಿಗ್ಗೆಯೇ ನಗುನಗುತ್ತ ಗದ್ದೆಗಿಳಿದರು. ಬೋನು ಒಯ್ಯುವ ಲಾರಿ ಬರುವುದೊಂದೇ ಬಾಕಿ ಇತ್ತು, ಅದು ಬಂದ ಮೇಲೆ ಚಿರತೆಯನ್ನು ಆ ಸಂಜೆಯೇ ಕಾಡಿಗೆ ಬಿಟ್ಟು ಬಂದೆವು. ಬಾಗಿಲೆತ್ತಿದಾಗ ತಿರುಗಿಯೂ ನೋಡದೆ ಹೋಯಿತು. ನನ್ನ ನೌಕರಿಯಲ್ಲಿ ಅಷ್ಟು ಸಂತೋಷಪಟ್ಟ ದಿನ ಇನ್ನೊಂದಿಲ್ಲ.

ಆದರೆ ಲಾರಿ ಬರುವ ಮೊದಲು ಮೊದಲನೇ ಬಸ್ಸಿಗೆ ಅಜ್ಜಿ ಬಂದಿಳಿದರು. ನೆಟ್ಟಗೆ ಬೋನಿಗೆ ಬಂದು ಗೌರಿಯ ಮೈ ತಡವಿ, ಪ್ರಸಾದ ತಿನ್ನಿಸಿದರು. ಆಮೇಲೆ ಮುಂದಿನ ಕೋಣೆಯ ಕಡೆ ತಿರುಗಿದರು. ಚಿರತೆ ಸುಸ್ತಾಗಿ ಮಲಗಿತ್ತು.

"ಇದ್ಕೆ ಏನು ತಿನ್ನಾಕೆ ಕೊಟ್ರಿ?"

"ಇನ್ನೂ ಏನೂ ಕೊಟ್ಟಿಲ್ಲವ್ವಾ."

ಅಜ್ಜಿ ಗಲ್ಲದ ಮೇಲೆ ಕೈಯಿಟ್ಟರು. "ಕಾರ್ತಿಕದ ಕಡೇ ಸೋಮ್ವಾರ, ಕಣ್ಮುಂದೆ ಆಡು ಮಡಿಕ್ಕಂಡು ರಾತ್ರಿಯೆಲ್ಲ ಉಪಾಸ ಮಾಡೈತೆ! ನಮ್ಮನೇಲಿ ಯಾರೂ ಇಂಗೆ ಮಾಡಿಲ್ಲ ಕಣಪ್ಪ. ಪಾರಣೆ ಮಾಡಿಸ್ದೆ ಕಳಿಸಿದ್ರೆ ನಂಜುಂಡಪ್ಪ ಮೆಚ್ತಾನಾ?" ಎಂದು ಮಗನ ಕಡೆ ತಿರುಗಿದರು. "ಓಗ್ಲಾ, ಒಂದು ಕೋಳಿ ತಕಂಬಾ."

ಮೊಟ್ಟೆ ಎಂಬ ಮಾತೂ ಹೊಸಿಲು ದಾಟದ ಮನೆ ಅದು.

"ಎಲ್ಲಿ ಸಿಗ್ತದೋ ಏನೋ, ಯಾರ್ನಾರಾ ಕೇಳ್ಕಂಡು ಓಗು" ಎಂದು ಅಜ್ಜಿ ಸೇರಿಸಿದರು.

ಬೆಳೆ ಉಳಿದ ಖುಷಿಯಲ್ಲಿದ್ದ ಯಜಮಾನರು ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದರು: "ಕೇಳಾದೇನವ್ವ, ನರಸೀಪುರ ಬಸ್‌ಸ್ಟ್ಯಾಂಡ್ ಇಂದ್ಗಡೆನೇ ಸಿಗ್ತದೆ. ಫಾರಂದು ಬ್ಯಾಡ, ಅದು ಬರೀ ಸಪ್ಪೆ. ನಾಟೀದೇ ತತ್ತೀನಿ."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡರು. ಕೈ ತಾನಾಗಿಯೇ ಎಲೆಅಡಿಕೆ ಚೀಲಕ್ಕೆ ಹೋಯಿತು. ಕಬ್ಬು ಕಡಿಯುವವರು ಮಚ್ಚು ನಿಲ್ಲಿಸಿ ನೋಡಿದರು. ಗೌರಿ ಕೂಡ ಮೆಲುಕು ನಿಲ್ಲಿಸಿದಳು.

ಅಜ್ಜಿ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಚಿರತೆಯನ್ನು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ ತಣ್ಣಗೆ ಹೇಳಿದರು:

"ಗಾರ್ಡಪ್ಪಾ, ಇದ್ನ ಕಾಡ್ಗೆ ಬುಟ್ಟ ಮ್ಯಾಲೆ ಬೋನ್ನ ಇಲ್ಗೇ ವಾಪಸ್ ತಕಂಬಾ. ಇನ್ನೊಂದು ಐತೆ."