ಬಂಗಾರದ ಹಲ್ಲೂ ಕನ್ಯೆ ನೋಡುವ ಚಹಾವೂ

ನಮ್ಮ ಮನೆಯಲ್ಲಿ ದೊಡ್ಡ ಕೆಲಸಗಳು ದೊಡ್ಡ ಕಾರಣಕ್ಕೆ ನಿಲ್ಲುವುದಿಲ್ಲ. ನನ್ನ ಮದುವೆ ನಿಂತದ್ದು ದೊಡ್ಡಪ್ಪನ ಒಂದು ಹಲ್ಲಿನಿಂದ.

ದೊಡ್ಡಪ್ಪನದು ಗಜೇಂದ್ರಗಡದಲ್ಲಿ ಸೀರೆ ಅಂಗಡಿ. ಕನ್ಯೆ ನೋಡಲು ಹೋದಾಗ ಮೊದಲ ಗುಟುಕು ಚಹಾ ಅವರದೇ. ಅವರು ಕಪ್ಪು ಅರ್ಧಕ್ಕೆ ಇಟ್ಟರೆ ಉಳಿದವರು ಚಪ್ಪಲಿ ಹುಡುಕಬೇಕು.

ರೋಣ

ಮೊದಲು ನೋಡಲು ಹೋದ ಹುಡುಗಿಯ ಮನೆ. ದೊಡ್ಡಪ್ಪ ಒಂದು ಗುಟುಕು ಚಹಾ ಕುಡಿದು ಮುಖ ಕಿವುಚಿದರು.

"ಮೊಳಿ ನೆಕ್ಕಿದಂಗ ಆಗತೈತಿ. ಪಾತ್ರಿ ಕಲಾಯಿ ಹೋಗೇತೇನ್ರಿ?"

"ಸ್ಟೀಲಿನ ಪಾತ್ರಿ ರೀ," ಎಂದರು ಹುಡುಗಿಯ ಅಪ್ಪ.

"ಹಂಗಾದ್ರ ನೀರು ಕೆಟ್ಟಾವ."

ನಾನು ರಸಾಯನಶಾಸ್ತ್ರ ಓದಿದವನು. ನೀರು ಪರೀಕ್ಷೆ ಮಾಡುವುದೇ ನನ್ನ ಕೆಲಸ. ಅವರ ಮನೆಯ ನೀರನ್ನು ಬಾಟಲಿಯಲ್ಲಿ ತಂದು ನೋಡಿದೆ. ಯಾವ ದೋಷವೂ ಇರಲಿಲ್ಲ. ಹೇಳಿದೆ.

"ನೀರು ಪಾಸಾತು ಅಂದ್ರ ಹುಡಿಗಿ ಫೇಲು," ಎಂದರು ದೊಡ್ಡಪ್ಪ.

ಸವಡಿ

ಇಲ್ಲಿ ಚಹಾಕ್ಕೆ ಮೊದಲು ಉಪ್ಪಿಟ್ಟು ಬಂತು. ದೊಡ್ಡಪ್ಪ ಅದರ ಮೇಲೆ ನಿಂಬೆಹಣ್ಣು ಹಿಂಡಿ, ಸ್ಟೀಲ್ ಚಮಚ ಬಾಯಿಗಿಟ್ಟವರೇ ಹಾರಿ ಎದ್ದರು.

"ಕರೆಂಟ್! ಕುರ್ಚಿಗೆ ಕರೆಂಟ್ ಬಿಟ್ಟಾರ!"

ಕುರ್ಚಿ ಪ್ಲಾಸ್ಟಿಕ್ಕಿನದು. ಆದರೂ ಹುಡುಗಿಯ ಅಪ್ಪ ಓಡಿಹೋಗಿ ಮೇನ್ ಸ್ವಿಚ್ ತೆಗೆದರು. ಫ್ಯಾನು ನಿಂತಿತು. ದೊಡ್ಡಪ್ಪ ಮತ್ತೆ ಚಮಚ ಇಟ್ಟುಕೊಂಡರು, ಮತ್ತೆ ಹಾರಿದರು.

"ಇನ್ನೂ ಹೊಡೀತೈತ್ರಿ!"

ಹುಡುಗಿಯ ಅಪ್ಪ ಕೈಮುಗಿದರು. "ನಮ್ಮೂರಾಗ ಸ್ವಿಚ್ ಹಾಕಿದ್ರನ ಕರೆಂಟ್ ಇರೂದಿಲ್ರಿ. ತಗದ ಮ್ಯಾಲ ಎಲ್ಲಿಂದ ಬರಬೇಕು?"

ನರಗುಂದ

ಇಲ್ಲಿನ ಹುಡುಗಿ ನನಗೆ ಮನಸ್ಸಿಗೆ ಬಂದಳು. ದೊಡ್ಡಪ್ಪ ಕಪ್ಪು ಅರ್ಧಕ್ಕೇ ಇಟ್ಟರು.

ಮನೆಗೆ ಬಂದು ದೊಡ್ಡವ್ವನಿಂದ ಒಂದೇ ಪಾತ್ರೆಯಲ್ಲಿ ಚಹಾ ಮಾಡಿಸಿ ಮೂವರಿಗೂ ಕೊಟ್ಟೆ. ಮೊಳೆಯ ರುಚಿ ಸಿಕ್ಕಿದ್ದು ದೊಡ್ಡಪ್ಪನಿಗೆ ಮಾತ್ರ.

"ಬಂಗಾರದ ಹಲ್ಲು ಕೂಡ್ರಿಸಿದಾಗಿಂದ ನನ್ನ ಅಡಗಿಗೂ ಹಿಂಗ ಅಂತಾರ," ಎಂದರು ದೊಡ್ಡವ್ವ.

"ಅದು ಬ್ಯಾರೆ," ಎಂದರು ದೊಡ್ಡಪ್ಪ. "ನಿನ್ನ ಅಡಗಿ ಖರೇನ ಹಂಗೈತಿ."

ದವಾಖಾನೆ

ಹಲ್ಲಿನ ಡಾಕ್ಟರು ಬಂಗಾರದ ಟೊಪ್ಪಿಗೆ ತೆಗೆದರು. ಅದರ ಕೆಳಗೆ ಹುಳುಕಿಗೆ ತುಂಬಿದ್ದ, ಪಾದರಸ ಬೆರೆಸಿದ ಹಳೆಯ ಬೆಳ್ಳಿ ಭರ್ತಿ ಇತ್ತು. ಕಪ್ಪಾಗಿ, ಕುಳಿಬಿದ್ದು ಸವೆದಿತ್ತು.

"ಟೊಪ್ಪಿಗಿ ಸಂದಿಯೊಳಗ ಉಗುಳು ಇಳದೈತ್ರಿ. ಎರಡು ಲೋಹ, ನಡುವ ಉಗುಳು. ಬ್ಯಾಟರಿ ಆಗೇತಿ. ಹುಳಿ ಹತ್ತಿದ ಸ್ಟೀಲ್ ಚಮಚ ತಾಗಿದ್ರ ಕರೆಂಟ್ ಹೊಡದಂಗ ಆಗೂದೂ ಇದರಿಂದನ. ಬೆಳ್ಳಿ ಭರ್ತಿ ಕರಗಿ ಬಾಯಿಗೆ ಬರಾಕತ್ತೈತಿ."

"ನನ್ನ ಬಾಯಾಗ ಬ್ಯಾಟರಿ?"

ದೊಡ್ಡವ್ವ ಸೆರಗು ಅಡ್ಡ ಹಿಡಿದು ನಕ್ಕರು. "ಅದಕ್ಕನ ನೋಡ್ರಿ ಡಾಕ್ಟರ್, ಇವರ ಬಾಯಿ ಬಂದ್ ಆಗೂದ ಇಲ್ಲ."

ಭರ್ತಿಯನ್ನೂ ಟೊಪ್ಪಿಗೆಯನ್ನೂ ಬದಲಾಯಿಸಿದರು. ಮೊಳೆಯ ರುಚಿ ಹೋಯಿತು.

ಮತ್ತೆ ನರಗುಂದ

ನಾನೇ ಹುಡುಗಿಯ ಮನೆಗೆ ಫೋನ್ ಮಾಡಿ ಹಲ್ಲಿನ ಕಥೆ ಹೇಳಿದೆ. ಹುಡುಗಿಯ ಅಪ್ಪ "ಬರ್ರಿ, ಆದ್ರ ಇದ ಕಡೀ ಸಲ," ಎಂದರು.

ದಾರಿಯುದ್ದಕ್ಕೂ ದೊಡ್ಡವ್ವ ದೊಡ್ಡಪ್ಪನಿಗೆ ತಾಕೀತು ಮಾಡಿದರು. "ಏನ್ ಕೊಟ್ರೂ ಪೂರಾ ಕುಡೀಬೇಕು. ಚಲೋ ಐತಿ ಅನ್ನಬೇಕು. ಮುಂದ ಒಂದ ಮಾತಿಲ್ಲ."

ಹುಡುಗಿಯ ಅವ್ವ ಕಪ್ಪು ತಂದು ದೊಡ್ಡಪ್ಪನ ಕೈಗೆ ಕೊಟ್ಟರು. ದೊಡ್ಡಪ್ಪ ಕಣ್ಣುಮುಚ್ಚಿ ಒಂದೇ ಉಸಿರಿಗೆ ಕುಡಿದು, ಕಪ್ಪು ಬೋರಲು ಮಾಡಿ ಎಲ್ಲರಿಗೂ ತೋರಿಸಿದರು.

"ಆಹಾ! ಇಂಥಾ ಚಹಾ ನನ್ನ ಜನ್ಮದಾಗ ಕುಡದಿಲ್ಲವಾ ತಂಗಿ!"

ಹುಡುಗಿ ಕೈಯಲ್ಲಿ ಖಾಲಿ ಬೋಗುಣಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಅದು ಲವಂಗ ಕುದಿಸಿದ ನೀರ್ರಿ. ಹಲ್ಲಿನ ಕೆಲಸ ಆಗೇತಂತ ಬಾಯಿ ಮುಕ್ಕಳಿಸಾಕ ಕೊಟ್ಟಿದ್ವಿ. ಉಗುಳಾಕ ಬೋಗುಣಿ ತಂದೀನಿ. ಚಹಾ ಇನ್ನೂ ಒಲಿ ಮ್ಯಾಲ ಐತಿ," ಎಂದಳು.

ಬೋಗುಣಿ ಕೆಳಗಿಟ್ಟು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನನ್ನ ಇವರ ಮನಿಗೇ ಕೊಡು. ಅಲ್ಲಿ ಏನ್ ಕೊಟ್ರೂ ನಡೀತೈತಿ."