ಹಿರಿಯಡ್ಕದಲ್ಲೊಂದು ಮರುಭೂಮಿ

ಸರಕಾರದ ಸ್ಕೀಮಿನಲ್ಲಿ ಎರಡು ಕೋಣೆ ಕಟ್ಟಿಸಲು ಹೊರಟವನು ನಗುವುದಕ್ಕೆಂದು ಬೇರೆ ನಾಟಕ ನೋಡಬೇಕಾಗಿಲ್ಲ. ದಿನಕ್ಕೊಂದು ಮನೆ ಬಾಗಿಲಿಗೇ ಬರುತ್ತದೆ.

ನಾನು ಮಣಿಪಾಲದಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಹಿರಿಯಡ್ಕದ ಆಚೆ ಒಂದು ಪದವಿನ ಮೇಲೆ ನಮ್ಮದೊಂದು ಚಿಕ್ಕ ಪರಿಸರ ಅಧ್ಯಯನ ಕೇಂದ್ರ ಉಂಟು. ಪದವು ಅಂದರೆ ಗುಡ್ಡದ ನೆತ್ತಿಯ ಮುರಕಲ್ಲಿನ ಬಯಲು. ಬೇಸಿಗೆಯಲ್ಲಿ ಕಾದ ಕಾವಲಿ, ಮಳೆ ಬಿದ್ದರೆ ಕಾಲಿಡಲು ಜಾಗವಿಲ್ಲದಷ್ಟು ಹೂವು. ಕೇಂದ್ರ ಅಂದರೆ ಒಂದು ಕೋಣೆ, ಮುಂದೆ ಸೋರುವ ಶೀಟಿನ ಚಾವಡಿ. ಪೆರ್ಡೂರು, ಕಾರ್ಕಳದ ಶಾಲೆಯ ಮಕ್ಕಳು ಹೂವು ನೋಡಲು ಬಂದರೆ ಪಾಪ, ಅಲ್ಲಿಯೇ ಒದ್ದೆಯಾಗುತ್ತಾ ಕೂರಬೇಕು. ಅವರಿಗೆ ಸೋರದ ಎರಡು ಕೋಣೆ ಆಗಬೇಕು. ನನ್ನ ಹಟ ಅಷ್ಟೇ.

ಪದವು, ಪದವಿ

‘ಪದವು ಅಧ್ಯಯನ ಕೇಂದ್ರದ ವಿಸ್ತರಣೆ’ ಎಂದು ಅರ್ಜಿ ಬರೆದು ಬೆಂಗಳೂರಿಗೆ ಕಳಿಸಿದೆ. ಅಲ್ಲಿಯ ಕಚೇರಿಯಿಂದ ಗುಮಾಸ್ತರ ಫೋನು ಬಂತು.

“ಪದವಿ ಕೊಡೋಕೆ ನಿಮಗೆ ಅಧಿಕಾರ ಇಲ್ಲ ಸಾರ್.”

“ಪದವಿ ಅಲ್ಲ ಮಾರಾಯ್ರೆ, ಪದವು!”

“ಆ ಅಕ್ಷರ ತಪ್ಪನ್ನ ನಾನೇ ತಿದ್ದಿದೀನಿ. ಮೊದಲು ಥ್ಯಾಂಕ್ಸ್ ಹೇಳಿ.”

ಹೇಳಿದೆ. ಆಮೇಲೆ ಬಿಡಿಸಿ ವಿವರಿಸಿದೆ. ಅವರು ಕೇಳಿದರು: “ಮರ ಇದ್ಯಾ?”

“ಇಲ್ಲ.”

“ಬೇಸಿಗೇಲಿ ನೀರು?”

“ಇಲ್ಲ.”

“ನೆರಳು?”

“ನಿಮ್ಮದೇ ನೆರಳು ಉಂಟು.”

“ಮರುಭೂಮಿ ಅನ್ನಿ ಮತ್ತೆ! ಅದಕ್ಕೊಂದು ಸ್ಕೀಮೇ ಇದೆಯಲ್ರಿ.”

“ಅಯ್ಯೋ, ಇಲ್ಲಿ ಧೋ ಎಂದು ಮಳೆ ಸುರಿಯುತ್ತದೆ ಸಾರ್!”

“ಅದಕ್ಕೆ ಕಾಲಂ ಇಲ್ಲ,” ಎಂದು ಫೋನಿಟ್ಟರು.

ಬೋರ್ಡು

ಕೋಣೆಯ ಆಸೆಗೆ ನಾನೂ ಮರುಭೂಮಿಗೆ ಒಪ್ಪಿದೆ, ಸ್ಕೀಮು ಮಂಜೂರಾಯಿತು. ನಿಯಮದ ಪ್ರಕಾರ ರಸ್ತೆ ಬದಿಯಲ್ಲಿ ‘ಮರುಭೂಮಿ ಪರಿಸರ ಕೇಂದ್ರ’ ಎಂಬ ಬೋರ್ಡು ಎದ್ದಿತು. ನಮಗೆ ಪೈಪು ಕೊಡುವ ಕಾಪುವಿನ ಹಾರ್ಡ್‌ವೇರ್ ಅಂಗಡಿಯ ಸಾಹೇಬರು ಅದನ್ನು ನೋಡಿ ಗಾಡಿಯಿಂದ ಇಳಿದೇಬಿಟ್ಟರು.

“ಎಂತ ಮಾಷ್ಟ್ರೆ ಇದು? ನಾನು ಅರ್ಧ ಆಯುಷ್ಯ ಗಲ್ಫಿನ ಮರುಭೂಮಿಯಲ್ಲಿ ಕಳೆದು, ಇನ್ನು ಸಾಕಪ್ಪಾ ಅಂತ ಊರಿಗೆ ಬಂದವ. ನೀವು ಅದನ್ನು ನನ್ನ ಬೆನ್ನ ಹಿಂದೆಯೇ ಇಲ್ಲಿಗೆ ತಂದಿರಾ?”

“ಇದಕ್ಕೆ ವೀಸಾ ಬೇಡ ಸಾಹೇಬರೇ,” ಎಂದೆ.

“ಸಂಬಳ ಎಷ್ಟು ಉಂಟು?”

“ಸಂಬಳವೂ ಇಲ್ಲ.”

“ಹಾಗಾದರೆ ಎಂತ ಮರುಭೂಮಿ ಮಾರಾಯ್ರೆ ಇದು!” ಎಂದು ಅವರು ಗಾಡಿ ಹತ್ತಿದರು.

ಹೊಯಿಗೆ

ಕಂಟ್ರಾಕ್ಟರು ಬಂದು ಎರಡು ಕೋಣೆಗೆ ಪಾಯ ತೋಡಿಸಿ ಮಾಯವಾದರು. ಹುಡುಕಿ ಹಿಡಿದೆ.

“ಎಂತ ಮಾಡುವುದು ಸಾರ್, ಹೊಯಿಗೆ ಇಲ್ಲ. ನದಿಯಿಂದ ತೆಗೆಯಲು ಪರ್ಮಿಟ್ ನಿಂತಿದೆ.”

“ಕಾಪುವಿನ ಸಮುದ್ರದ ಬದಿಯಲ್ಲಿ ಬೇಕಾದಷ್ಟು ಬಿದ್ದಿದೆಯಲ್ಲ?”

“ಅದರಲ್ಲಿ ಉಪ್ಪುಂಟು ಸಾರ್. ಕಟ್ಟಿದ ಗೋಡೆ ಉದುರುತ್ತದೆ. ಮೊದಲು ಪೊಲೀಸರು ನನ್ನನ್ನು ಉದುರಿಸುತ್ತಾರೆ.”

ಬೆಂಗಳೂರಿಗೆ ಫೋನು ಮಾಡಿ ಹೊಯಿಗೆ, ಅಂದರೆ ಮರಳು, ಇಲ್ಲದೆ ಕೆಲಸ ನಿಂತಿದೆ ಎಂದು ತಿಳಿಸಿದೆ. ಅದೇ ಗುಮಾಸ್ತರು ಎತ್ತಿದರು. “ತಮಾಷೆ ಮಾಡ್ತೀರಾ? ಮರುಭೂಮೀಲಿ ಕೂತ್ಕೊಂಡು ಮರಳು ಕೇಳ್ತಿದೀರಲ್ಲ!”

ತಪಾಸಣೆ

ಬೇಸಿಗೆಯಲ್ಲಿ ಬರಬೇಕಾಗಿದ್ದ ತಪಾಸಣೆಯ ಸಾಹೇಬರು ಆಟಿ ತಿಂಗಳಲ್ಲಿ ಬಂದರು, ಮಳೆ ಆಕಾಶ ಹರಿದ ಹಾಗೆ ಸುರಿಯುವಾಗ. ಅವರು ಸಹಿ ಹಾಕಿದರೆ ಉಳಿದ ಹಣ ಬಂದು ಗೋಡೆ ಏಳುತ್ತದೆ, ಇಲ್ಲದಿದ್ದರೆ ಎಲ್ಲ ನೀರುಪಾಲು. ತಲೆಗೆ ಬಿಸಿಲಿನ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಅವರು ಜೀಪಿನಿಂದ ಇಳಿದದ್ದು ಮೊಣಕಾಲುದ್ದದ ನೀರಿಗೆ. ಕಣ್ಣು ಹಾಯುವಷ್ಟು ದೂರ ನೇರಳೆ ಹೂವು. ಅಂದು ಬಂದಿದ್ದ ಶಾಲೆಯ ಮಕ್ಕಳು ಚಾವಡಿಯಲ್ಲಿ ಕೊಡೆ ಬಿಡಿಸಿ ಕೂತಿದ್ದರು.

“ಅದ್ಯಾವ ಕೆರೇರಿ?”

“ಕೆರೆ ಅಲ್ಲ ಸಾರ್, ನಮ್ಮ ಕೋಣೆಗಳ ಪಾಯ.”

“ಭೇಷ್! ಮಳೆನೀರಿನ ಸಂಗ್ರಹ!” ಎಂದು ಬರೆದುಕೊಂಡರು. “ಈ ಹಸಿರು, ಈ ಹೂವು, ಇದಕ್ಕೆಲ್ಲ ಏನ್ ಮಾಡಿದ್ರಿ?”

“ಎಂತದೂ ಮಾಡಲಿಲ್ಲ ಸಾರ್. ಮಳೆ ಬಂತು.”

“ಎಂಥಾ ವಿನಯಾರೀ ನಿಮ್ದು!” ಎಂದು ಬೆನ್ನು ತಟ್ಟಿದರು. ಅಲ್ಲಿಯೇ ನಿಂತು ಷರಾ ಬರೆದು ಜೋರಾಗಿ ಓದಿದರು: “ಮರುಭೂಮಿಯನ್ನು ಹಸಿರಾಗಿಸುವ ಯೋಜನೆಯ ಉದ್ದೇಶ ಸಂಪೂರ್ಣ ಈಡೇರಿದೆ. ಇನ್ನು ಕೇಂದ್ರದ ವಿಸ್ತರಣೆಯ ಅಗತ್ಯವಿಲ್ಲ.”

ನನಗೆ ಪಿತ್ತ ನೆತ್ತಿಗೇರಿತು. ಎಷ್ಟು ಓಡಾಟ, ಎಷ್ಟು ಜನರ ಕಾಲು ಹಿಡಿದದ್ದು, ಎಲ್ಲ ಹೊಳೆಗೆ ಹೋಯಿತಲ್ಲ! ಇನ್ನು ಮುಚ್ಚಿಟ್ಟು ಎಂತ ಪ್ರಯೋಜನ? ಆ ಮಕ್ಕಳನ್ನು ತೋರಿಸಿ ಕೂಗಿಯೇಬಿಟ್ಟೆ:

“ಸಾರ್, ಆ ಮಕ್ಕಳನ್ನಾದರೂ ನೋಡಿ! ಇದು ಮರುಭೂಮಿಯೇ ಅಲ್ಲ ಸಾರ್!”

ಅವರು ಟೋಪಿಯ ನೀರು ಕೊಡವಿ, ನನ್ನ ಎರಡೂ ಕೈ ಹಿಡಿದು ಕುಲುಕಿದರು.

“ನಾನೂ ಅದನ್ನೇ ಅಲ್ವೇನ್ರಿ ಬರೆದಿರೋದು? ಅಭಿನಂದನೆಗಳು!”